ಯಾರ ತಲೆನೋವು

ಆ ಊರಿನಲ್ಲಿ ಕುಡಿದವರಿಗೆ ಮರುದಿನ ತಲೆ ನೋಯುತ್ತಿರಲಿಲ್ಲ. ಆ ನೋವು, ಅವರನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರ ತಲೆಗೆ ಹೋಗುತ್ತಿತ್ತು. ಹೀಗಾಗಿ ಮದುವೆ ಬ್ಯಾಂಡಿನಲ್ಲಿ ತುತ್ತೂರಿ ಊದುವ ಫಕ್ಕೀರಪ್ಪ ರಾತ್ರಿ ಎಷ್ಟೇ ಕುಡಿದರೂ ಬೆಳಿಗ್ಗೆ ಸಿಳ್ಳೆ ಹಾಕುತ್ತಲೇ ಏಳುತ್ತಿದ್ದ. ಅವನ ಹೆಂಡತಿ ನೀಲವ್ವ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ರೊಟ್ಟಿ ಬಡಿಯುತ್ತಿದ್ದಳು.

ಒಂದು ದಿನ ಅವನು ಎದ್ದಾಗ ತಲೆ ಸಿಡಿಯುತ್ತಿತ್ತು. ಅಡುಗೆಮನೆಯಲ್ಲಿ ನೀಲವ್ವ ಹಾಡಿಕೊಳ್ಳುತ್ತಿದ್ದಳು.

“ನಿನಗ ತಲಿ ನೋಯಾಕತ್ತಿಲ್ಲೇನು?” ಎಂದು ಗಾಬರಿಯಿಂದ ಕೇಳಿದ.

“ಇಲ್ಲ. ಪ್ರೀತಿ ಮಾಡಿ ಮಾಡಿ ಸಾಕಾತು,” ಎಂದಳು, ರೊಟ್ಟಿ ತಿರುವುತ್ತ.

ಫಕ್ಕೀರಪ್ಪ ಗೋಡೆ ಹಿಡಿದು ಕುಳಿತ. “ಇಷ್ಟು ನೋವು ಹೆಂಗ ತಡಕೊಂಡಿ? ಅದೂ ಮದುವಿ ಇದ್ದಾಗೆಲ್ಲ?”

“ಮದುವಿ ಇದ್ದಾಗಲ್ಲ. ದಿನಾ.”

“ಏ, ನಾ ದಿನಾ ಎಲ್ಲಿ ಕುಡೀತೇನಿ?”

“ನಿನಗ ನೆನಪಿರೂದಿಲ್ಲ. ನನ್ನ ತಲಿಗೆ ನೆನಪೈತಿ.”

ಅವನು ಚಹಾದ ಕಪ್ ಎತ್ತಿದ. ಕೈ ನಡುಗಿ ಅರ್ಧ ಚಹಾ ಚೆಲ್ಲಿತು. ಆ ಕೈಯನ್ನೇ ನೋಡುತ್ತ ಕುಳಿತು, ಆಮೇಲೆ ಮೆಲ್ಲಗೆ ಹೇಳಿದ: “ನೀಲಾ, ನನ್ನೊಬ್ಬನ ಕೈಲೆ ಇದನ್ನ ಬಿಡಾಕ ಆಗೂದಿಲ್ಲ. ದವಾಖಾನಿಗೆ ಹೋಗೂಣು, ಬಾ.”

ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತಿರುವಾಗ ಅವನ ತಲೆ ನಿಧಾನವಾಗಿ ಹಗುರಾಯಿತು. ಪಕ್ಕದಲ್ಲಿ ನೀಲವ್ವ ಹಣೆ ಒತ್ತಿಕೊಂಡಳು.

“ಅಯ್ಯ ಶಿವನ! ಮತ್ತ ಚಾಲೂ ಆತು ನೋಡು,” ಎಂದು ಅವನನ್ನೇ ಬೈದಳು.

ಫಕ್ಕೀರಪ್ಪನ ಮುಖ ಅರಳಿತು. ಸಾಲನ್ನೂ ಲೆಕ್ಕಿಸದೆ ಒಳಗೆ ನುಗ್ಗಿದ. “ಡಾಕ್ಟರ್, ನನಗ ಕುಡಿತದ ರೋಗ ಐತ್ರಿ. ಲಗೂನ ಔಷಧ ಕೊಡ್ರಿ, ನನ್ನ ಹೇಣ್ತಿ ತಲಿ ನೋಯಾಕತ್ತೈತಿ!”