ಇಪ್ಪತ್ತೈದನೇ ಹೆಸರು

"ಬಗ್ಗಬ್ಯಾಡ! ಏ ಮಾಂತು, ಬಗ್ಗಬ್ಯಾಡಲೇ!"

ಕೋಚ್ ಅಂಬಾರಾಯನ ಕೂಗು ಪುಣೆಯ ಕಾತ್ರಜದ ಘಟ್ಟ ಇಳಿಯುತ್ತಿದ್ದ ಲಾರಿಗಳಿಗೂ ಕೇಳಿಸಿರಬೇಕು. ಮಾಂತುವಿಗೆ ಮಾತ್ರ ಕೇಳಿಸಲಿಲ್ಲ. ಚೆಂಡಿಗೆಂದು ಚಾಚಿದ ಅವನ ಕಾಲು ಸೋದರಮಾವ ಮುರುಗೆಪ್ಪನ ಮೊಣಕಾಲಿಗೆ ತಾಗಿದ್ದೇ ತಡ, ಗಕ್ಕನೆ ನಿಂತು, ಬಗ್ಗಿ, ಆ ಕಾಲು ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡ. ಅಷ್ಟರಲ್ಲಿ ಮಾವ ಚೆಂಡಿನೊಂದಿಗೆ ಹತ್ತು ಮಾರು ದೂರ ಹೋಗಿಯಾಗಿತ್ತು.

ಇದು ನಾಲ್ಕನೇ ಸಲ. ಅಂಬಾರಾಯ ಕುರ್ಚಿಯಲ್ಲಿ ಕುಸಿದು ಮಡಿಲಲ್ಲಿದ್ದ ಹಾಳೆ ನೋಡಿದ. ಈ ಸೀಸನ್ನಿನ ಆಟಗಾರರ ಪಟ್ಟಿ. ನಾಲ್ಕು ಗಂಟೆಯೊಳಗೆ ಫುಟ್‌ಬಾಲ್ ಲೀಗಿನ ಆಫೀಸಿಗೆ ಫ್ಯಾಕ್ಸ್ ಆಗಬೇಕು. ಇಪ್ಪತ್ತನಾಲ್ಕು ಹೆಸರು ಪಕ್ಕಾ ಆಗಿದ್ದವು. ಕೊನೆಯ ಜಾಗದಲ್ಲಿ ಮಾತ್ರ ಎರಡು ಹೆಸರು ಒಂದರ ಕೆಳಗೊಂದು ಕೂತಿದ್ದವು. ಮುರುಗೆಪ್ಪ, ಮೂವತ್ತಾರು ವರ್ಷ. ಮಾಂತು, ಹತ್ತೊಂಬತ್ತು. ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಜೀವ ಇದ್ದ ಹಾಗೆ, ಅಂಬಾರಾಯನ ಜೀವವೆಲ್ಲ ಆ ಒಂದು ಜಾಗದಲ್ಲಿ ಸಿಕ್ಕಿಕೊಂಡಿತ್ತು.

ಹೋದ ವರ್ಷ ಹಳಬರನ್ನೇ ನೆಚ್ಚಿದ್ದ. ಅರ್ಧ ಆಟಕ್ಕೇ ಸೊಂಟ ಹಿಡಿದುಕೊಂಡು ನಿಂತರು. ಅದರ ಹಿಂದಿನ ವರ್ಷ ಬರೀ ಹುಡುಗರು. ಕುರಿಮರಿಗಳ ಹಾಗೆ ಹಿಂಡುಹಿಂಡಾಗಿ ಚೆಂಡಿನ ಹಿಂದೆ ಓಡಿ, ಗೋಲನ್ನು ಬಯಲು ಬಿಟ್ಟರು. ಈ ಸಲ ಕ್ಲಬ್ಬಿನ ಯಜಮಾನ ಪ್ರಲ್ಹಾದ ಶೇಠರದು ದಿನಕ್ಕೆ ಮೂರು ಫೋನು: "ತರುಣ ಪೋರಂ ಘ್ಯಾ, ಕೋಚ್!" ಹುಡುಗರನ್ನು ತಗೋ ಎನ್ನುವುದಕ್ಕೆ ಅವರಿಗೇನು! ಮಾಂತು ಓಡಿದರೆ ಗಾಳಿಗೂ ಸಿಗುವವನಲ್ಲ, ನಿಜ. ಆದರೆ ಎದುರಿಗೆ ನರೆತ ತಲೆ ಕಂಡು, ಅವರಿಗೆ ಕಾಲು ತಾಗಿತೋ, ಮುಗಿಯಿತು. ಹೋದ ತಿಂಗಳು ಗೋವಾ ತಂಡದ ವಯಸ್ಸಾದ ಕ್ಯಾಪ್ಟನ್‌ಗೂ ಹೀಗೇ ಬಗ್ಗಿದ್ದ. ಆ ಮನುಷ್ಯ ಗಾಬರಿಯಿಂದ ಇವನ ತಲೆ ಸವರಿ, ಮುಂದೆ ಹೋಗಿ ಗೋಲು ಹೊಡೆದಿದ್ದ.

ಅದಕ್ಕೇ ಈ ಪರೀಕ್ಷೆ. ಬಯಲಲ್ಲಿ ಇವರಿಬ್ಬರೇ, ಒಂದು ಚೆಂಡು, ಒಂದು ಗೋಲು. ಮೂರೂವರೆಯೊಳಗೆ ಮಾವನಿಂದ ಒಂದೇ ಒಂದು ಸಲ ಚೆಂಡು ಕಸಿದು ಗೋಲು ಹೊಡೆದರೆ ಜಾಗ ಮಾಂತುವಿನದು. ಇಲ್ಲದಿದ್ದರೆ ಮುರುಗೆಪ್ಪನೇ ಇನ್ನೊಂದು ವರ್ಷ. ಸೋತವನಿಗೆ ಸಂಬಳವೂ ಇಲ್ಲ, ಇರಲು ಕ್ಲಬ್ಬಿನ ಖೋಲಿಯೂ ಇಲ್ಲ.

"ಮುರುಗೆಪ್ಪಾ, ನೀನರ ಹೇಳಪಾ ಅವಗ!"

"ಏನ್ ಹೇಳ್ಲಿರಿ ಸರ್? ಅವ ನಮಸ್ಕಾರ ಮಾಡ್ತಾನ, ನಾ ಚೆಂಡು ಒಯ್ತೀನಿ. ಇದ್ರಾಗ ನನ್ನ ತಪ್ಪೇನದ?"

"ಲೇ ಮಾಂತು, ಅದು ಕಾಲಲೇ, ದೇವರಲ್ಲ!"

"ಮಾಮಾನ ಕಾಲ ಅಲ್ಲೇನ್ರೀ ಸರ್," ಮಾಂತು ಮುಖ ಸಣ್ಣದು ಮಾಡಿದ. "ಕೈ ತಾನಾ ಹೋಗ್ತದ್ರಿ. ನಾ ಹೇಳಿದ್ರ ಕೇಳಂಗಿಲ್ಲ."

"ಹಂಗಾರ ಕೈ ಹಿಂದ ಕಟ್ಕೊಂಡು ಆಡು, ಮಾರಾಯ!" ಅಂಬಾರಾಯ ತಲೆಯ ಟೊಪ್ಪಿಗೆ ಕಿತ್ತು ನೆಲಕ್ಕೆ ಅಪ್ಪಳಿಸಿದ. ಗಡಿಯಾರದಲ್ಲಿ ಮೂರು ಇಪ್ಪತ್ತು.

ಮುರುಗೆಪ್ಪ ಚೆಂಡನ್ನು ಪಾದದ ಕೆಳಗೆ ಒತ್ತಿ ನಿಂತಿದ್ದ. ಎದೆ ತಿದಿಯಂತೆ ಏರಿಳಿಯುತ್ತಿತ್ತು. ಮೊಣಕಾಲಿಗೆ ಸುತ್ತಿದ ಪಟ್ಟಿ ಅರ್ಧ ಬಿಚ್ಚಿ ಜೋತಾಡುತ್ತಿತ್ತು. ಆದರೂ ನಕ್ಕ.

"ಸಾಕಾತೇನ್ ಅಳಿಯಾ? ಊರಿಗೆ ಹೋಗಾಕ ದೌಂಡಕ್ಕ ಐದರ ಗಾಡಿ ಅದ, ಹೋಗು. ಇಷ್ಟ ದಿನ ಪುಣ್ಯಾದಾಗ ಏನ್ ಮಾಡ್ದಿ ಅಂತ ನಿಮ್ಮವ್ವ ಕೇಳ್ತಾಳ. ಮಾಮಾನ ಕಾಲಿಗೆ ಬಿದ್ದು ಬಂದೆ ಅಂತ ಹೇಳು."

ಮಾಂತುವಿನ ಕಿವಿ ಕೆಂಪಾಯಿತು. ಈ ಸಲ ಅವನು ನೆಲಕ್ಕೆ ಮೈ ಹಚ್ಚಿ ಜಾರಿ ಬಂದ. ಬೂಟು ಮೊದಲು ಚೆಂಡಿಗೆ ಬಡಿಯಿತು, ಆಮೇಲೆ ಮಾವನ ಕಾಲಿಗೆ. ಮುರುಗೆಪ್ಪ ಬೋರಲಾಗಿ ಕೆಸರಿಗೆ ಬಿದ್ದ. ಮಾಂತು ಎದ್ದವನೇ ಬಗ್ಗಿದ; ಕೈ ಅರ್ಧ ದಾರಿಯವರೆಗೂ ಹೋಯಿತು. ಮಾಂತು ಹಲ್ಲು ಕಚ್ಚಿ ಆ ಕೈಯನ್ನು ಮುಷ್ಟಿ ಮಾಡಿ, ಕದ್ದ ಹಣ್ಣಿನಂತೆ ಎದೆಗೆ ಅವುಚಿಕೊಂಡು, ಇನ್ನೊಂದು ಕೈಯಷ್ಟೇ ಬೀಸುತ್ತ ಚೆಂಡಿನೊಂದಿಗೆ ಓಡಿದ. ಬಲೆ ಅಲುಗಿತು.

"ಕಡೀಕೂ ಗೋಲ್!" ಅಂಬಾರಾಯ ಕುರ್ಚಿಯಿಂದ ನೆಗೆದು ನಿಂತಲ್ಲೇ ಕುಣಿದ.

ಮಾಂತು ಹೋದಷ್ಟೇ ಜೋರಾಗಿ ತಿರುಗಿ ಓಡಿಬಂದು ಮಾವನ ಪಾದದ ಮೇಲೆ ಬಿದ್ದ. ಮುರುಗೆಪ್ಪ ಎದ್ದು ಕೂತು ಬಾಯೊಳಗಿನ ಮಣ್ಣು ಉಗುಳಿದ.

"ಹಾಂ, ಈಗ ಮಾಡು. ಎಷ್ಟು ಬೇಕಾದ್ರೂ ಮಾಡು. ಈ ಕಾಲಿಗೆ ಇನ್ನ ಬ್ಯಾರೆ ಕೆಲಸ ಇಲ್ಲ."

ಅಂಬಾರಾಯನ ಕುಣಿತ ಅಲ್ಲಿಗೇ ನಿಂತಿತು. ಮುಖ ತಪ್ಪಿಸಲು, ಮಡಿಲಿಂದ ಜಾರಿದ್ದ ಹೆಸರಿನ ಪಟ್ಟಿ ಹುಡುಕಿದ. ಅದು ಅವನ ಬೂಟಿನಡಿಯೇ ಇತ್ತು. ಎತ್ತಿ ನೋಡಿದರೆ ಕೆಸರಿನ ಅಚ್ಚು ಸರಿಯಾಗಿ ಮುರುಗೆಪ್ಪನ ಹೆಸರಿನ ಮೇಲೆ ಕೂತಿತ್ತು. ಕೆಳಗೆ ಮಾಂತುವಿನ ಹೆಸರಷ್ಟೇ ಓದಲು ಬರುತ್ತಿತ್ತು. ಮಧ್ಯಾಹ್ನವೆಲ್ಲ ನಮಸ್ಕಾರವನ್ನು ಬೈದು ಬೈದು ಗಂಟಲು ಹರಿದುಕೊಂಡ ಕೋಚ್, ತನಗೇ ತಿಳಿಯದ ಹಾಗೆ ಆ ಹಾಳೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಒತ್ತಿಕೊಂಡವನು ಇಳಿಸಲೇ ಇಲ್ಲ.

ಮುರುಗೆಪ್ಪ ಬೂಟು ಕಳಚಿ, ಎರಡರ ಲಾಡಿಯನ್ನೂ ಸೇರಿಸಿ ಗಂಟು ಹಾಕಿ ಹೆಗಲಿಗೆ ಏರಿಸಿಕೊಂಡ.

"ನಾಲ್ಕಾಗಾಕ ಭಾಳ ಹೊತ್ತಿಲ್ರಿ ಸರ್," ಎಂದ. "ಮೊದಲ ಫ್ಯಾಕ್ಸ್ ಕಳಸ್ರಿ. ನಮಸ್ಕಾರ ಆಮ್ಯಾಲೆ."