ಶನಿವಾರದ ಬಿಸಿ ಊಟ

ಕುಕ್ಕರಿನಲ್ಲಿ ಕಾಳು ಬೇಯುವ ವಾಸನೆ ಬಂದರೆ ಸಾಕು, ಮೊಮ್ಮಗಳು ಅನು ಚಿಕ್ಕವಳಿದ್ದಾಗಿನ ಪರ್ತ್‌ನ ಆ ಮಧ್ಯಾಹ್ನ ನೆನಪಾಗಿ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗುತ್ತದೆ.

ಪಕ್ಕದ ಮನೆಯ ರೂತ್ ತಮ್ಮ ಯೆಹೂದಿ ಮಂದಿರಕ್ಕೆ ನಮ್ಮಿಬ್ಬರನ್ನೂ ಕರೆದಿದ್ದರು. ಮಕ್ಕಳ ಪಾಠ, ಪ್ರಾರ್ಥನೆ, ಆಮೇಲೆ ಎಲ್ಲರಿಗೂ ಊಟ. ಗುರುಗಳ ಪ್ರಶ್ನೆಗೆ ನಮ್ಮ ಅನುವೂ ಕೈಯೆತ್ತಿ ಉತ್ತರ ಹೇಳಿದಳು ನೋಡಿ, ಮೂರನೇ ಕ್ಲಾಸು ದಾಟದ ನನಗೆ ಕುಣಿಯುವಷ್ಟು ಖುಷಿ! ಆ ಖುಷಿಯಲ್ಲೇ ನೀರಿಗೆಂದು ಅಡುಗೆಮನೆಗೆ ಹೋದವಳು, ಸುಮ್ಮನೆ ಕರೆಂಟು ಹಾಳಾಗುತ್ತಿದೆಯೆಂದು ಒಲೆಯ ಸ್ವಿಚ್ ಆರಿಸಿಬಿಟ್ಟೆ. ಅದರ ಮೇಲಿದ್ದದ್ದು ಹಿಂದಿನ ಸಂಜೆಯಿಂದ ಬಿಸಿಗಿಟ್ಟಿದ್ದ ಕಾಳಿನ ಅಡುಗೆ, ಎಲ್ಲರ ಊಟ. ನಮಗಾಗಿ ಆ ದಿನ ಅದಕ್ಕೆ ಮಾಂಸವನ್ನೂ ಹಾಕಿರಲಿಲ್ಲ.

ಬಡಿಸುವ ಹೊತ್ತಿಗೆ ಎಲ್ಲ ತಣ್ಣಗೆ. ಶನಿವಾರ ಅವರ ಧರ್ಮದಲ್ಲಿ ವಿಶ್ರಾಂತಿಯ ದಿನ, ಅವರು ಒಲೆ ಹಚ್ಚುವ, ಸ್ವಿಚ್ ಮುಟ್ಟುವ ಹಾಗಿಲ್ಲ. ಆ ದಿನದ ಪಾಠವೂ ಅದೇ ಆಗಿತ್ತಂತೆ. ರೂತ್ ನಗುತ್ತಲೇ ಏನೋ ಕೇಳಿದರು.

"ಅಜ್ಜಿ, ನಿಂಗೆ ಬಿಸಿ ಊಟ ಬೇಕಾ ಅಂತಿದಾರೆ," ಎಂದಳು ಅನು.

"ಅಯ್ಯೋ ಬೇಡಮ್ಮಾ, ನಂಗೆ ತಣ್ಣಗಿದ್ರೇ ಇಷ್ಟ!" ಎಂದೆ, ನನ್ನಿಂದ ಇನ್ನೂ ತೊಂದರೆ ಬೇಡವೆಂದು.

ಅನು ಅದನ್ನು ಹಾಗೇ ಅವರಿಗೆ ಇಂಗ್ಲಿಷಿನಲ್ಲಿ ಹೇಳಿ, ನನ್ನ ಸೆರಗೆಳೆದಳು. "ಅಜ್ಜಿ, ವೈ ಡಿಡ್ ಯೂ ಸೇ ನೋ? ಸ್ವಿಚ್ ಹಾಕಿ ಅಂತ ಅವ್ರು ಹೇಳೋ ಹಾಗಿಲ್ಲ. ನಾವು ಅವ್ರ ಧರ್ಮದವ್ರಲ್ವಲ್ಲ, ನಿಂಗೆ ಬೇಕು ಅಂದಿದ್ರೆ ನೀನೇ ಹಾಕ್ಕೊಳ್ಬಹುದಿತ್ತು. ಎಲ್ಲಾರ್ಗೂ ಬಿಸಿ ಆಗ್ತಿತ್ತು."

ಅಷ್ಟರಲ್ಲಿ ರೂತ್ ಮೊದಲು ನನ್ನ ತಟ್ಟೆಗೇ ಬಡಿಸಿದರು. ತಣ್ಣಗಿದ್ದರೆ ನನಗಿಷ್ಟವೆಂದು, ಇನ್ನೊಂದು ಸೌಟು ಜಾಸ್ತಿಯೇ ಹಾಕಿದರು.