ಬೊಗ್ಗನ ಒಳಗಿನ ಕಾವಲು

ಬೆಳಿಗ್ಗೆ ಎಂಟಾಗುತ್ತಲೇ ಬೊಗ್ಗನ ಕೊರಳ ಬೆಲ್ಟು ಬಾಯಿ ಬಿಟ್ಟಿತು. “ನಿನ್ನೆಯಿಂದ ಎರಡು ಲಕ್ಷ ಕೋಟಿ ಮಂದೀನ ಹೊಡದ್ವಿ, ಅವ್ವಾರ.”

ಊರಿನ ನಾಯಿಗಳಿಗೆಲ್ಲ ಈಗ ಇಂಥದೇ ಬೆಲ್ಟು. ಮೈಯೊಳಗೆ ರೋಗದ ಜೊತೆ ಬಡಿದಾಡುವ ಕಾವಲು ಪಡೆ ಅದರ ಮೂಲಕ ಮಾತಾಡುತ್ತದೆ, ಸಾಕಿದವರ ಅಪ್ಪಣೆ ಕೇಳುತ್ತದೆ.

ಚಹಾದಂಗಡಿಯ ನೀಲವ್ವ ಉಕ್ಕುವ ಹಾಲನ್ನು ಹಾಗೇ ಬಿಟ್ಟು ಬಂದು ಬೊಗ್ಗನ ತುಟಿ ಎತ್ತಿ ನೋಡಿದಳು. ವಸಡು ಸುಣ್ಣ ಬಳಿದ ಹಾಗಿತ್ತು.

“ವೈರಸ್ ಸತ್ತು ವಾರಾತು. ನೀವು ಕೊಲ್ಲಾಕ್ಹತ್ತಿದ್ದು ಬೊಗ್ಗನ ರಕ್ತಾನ. ಸಾಕು ಮಾಡ್ರೋ, ನಿಮ್ಮ ಕಾಲಿಗೆ ಬೀಳ್ತೀನಿ.”

“ನಮ್ಮವರ ವೇಷದಾಗ ಬಂದ್ರೂ ಬಿಡಬ್ಯಾಡ್ರಿ ಅಂತ ನೀವ ಹೇಳೀರಿ.”

ಹೇಳಿದ್ದು ಹೌದು. ಜ್ವರದಲ್ಲಿ ಬೊಗ್ಗ ನಡುಗುತ್ತಿದ್ದಾಗ ಬೆಲ್ಟು, “ಈ ವೈರಿಗಳು ನಮ್ಮವರಂಗ ಕಾಣ್ತಾರ, ಏನ್ ಮಾಡೂಣ್ರಿ?” ಎಂದು ಕೇಳಿತ್ತು. ಗಿರಾಕಿಗಳಿಗೆ ಚಹಾ ಸೋಸುತ್ತಲೇ ನೀಲವ್ವ ಹಿಂದೆಮುಂದೆ ನೋಡದೆ ಅಪ್ಪಣೆ ಕೊಟ್ಟಿದ್ದಳು. ಒಮ್ಮೆ ಕಲಿತದ್ದನ್ನು ಕಾವಲು ಪಡೆ ಮರೆಯುವುದಿಲ್ಲ, ಮದ್ದು ಹಾಕಿದರೆ ಒಂದು ದಿನ ತೂಕಡಿಸಿ ಮತ್ತೆ ಏಳುತ್ತದೆ ಎಂದು ದನದ ಡಾಕ್ಟರು ಕೈಚೆಲ್ಲಿದ್ದರು.

“ಸುಡಗಾಡು ಕಾವಲು! ನಿಲ್ಲಸ್ರಿ ಅಂದ್ರ ನಿಲ್ಲಸ್ರಿ!” ನೀಲವ್ವ ಚೀರಿದಳು.

ಬೈಗುಳ ತನಗೇ ಎಂದುಕೊಂಡ ಬೊಗ್ಗ ಕಿವಿ ಮುದುರಿ, ತೆವಳಿ ಬಂದು ಅವಳ ಪಾದದ ಮೇಲೆ ಗದ್ದ ಇಟ್ಟ. ಬಾಲ ಒಂದೆರಡು ಸಲ ನೆಲಕ್ಕೆ ಬಡಿಯಿತು.

“ಅಂಜಬ್ಯಾಡ್ರಿ ಅವ್ವಾರ,” ಬೆಲ್ಟು ಸಮಾಧಾನ ಹೇಳಿತು. “ಇನ್ನ ಭಾಳ ಮಂದಿ ಉಳದಿಲ್ಲ.”